ಬೀಗರ ಪಾಲಿನ ಮರಿ

ಮಾರ್ಚ್ 4

ಬೀಗರಿಗೆ ನಮಸ್ಕಾರ.

ಸಿಹಿ ಸುದ್ದಿ ಮೊದಲು, ಕ್ಷೇಮ ಸಮಾಚಾರ ಆಮೇಲೆ. ನಿಮ್ಮ ನಾಲ್ಕು ಕಾಲಿನ ಸೊಸೆ, ನನ್ನ ಗುಬ್ಬಿ, ಬಸಿರು! ನಿನ್ನೆ ನಾಯಿ ಡಾಕ್ಟರಮ್ಮ ಅವಳ ಹೊಟ್ಟೆಯ ಕೂದಲು ಬೋಳಿಸಿ, ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡಿದರು. ಐದು ಮರಿ! ಪರದೆಯ ಮೇಲೆ ಐದು ಕಪ್ಪು ಗುಳ್ಳೆ, ಒಂದೊಂದರೊಳಗೂ ಮಿಣುಕು ಮಿಣುಕು ಅನ್ನುವ ಎದೆಬಡಿತ. ನಮ್ಮ ಯಜಮಾನರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಎಣಿಸಿದರು. ಅವರು ಹೊಲಿದ ಬಟ್ಟೆಗೆ ಗುಂಡಿಯನ್ನೂ ಇಷ್ಟು ಗಮನವಿಟ್ಟು ಎಣಿಸಿದವರಲ್ಲ.

ಇಪ್ಪತ್ತು ವರ್ಷದಿಂದ ನಾಯಿ ಸಾಕಿ ಮರಿ ಮಾಡಿಸುತ್ತಿದ್ದೇನೆ, ಸ್ಕ್ಯಾನ್ ಅಂತ ಮಾಡಿಸಿದ್ದು ಇದೇ ಮೊದಲು. ಇಷ್ಟು ದಿನ ನನಗೆ ನಮ್ಮ ಹೊಲಿಗೆ ಅಂಗಡಿಯ ಅಳತೆ ಟೇಪೇ ಸ್ಕ್ಯಾನು. ವಾರಕ್ಕೊಮ್ಮೆ ಸೊಂಟ ಅಳೆದು ಇಷ್ಟೇ ಮರಿ ಅಂದುಬಿಡುತ್ತಿದ್ದೆ, ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತಿತ್ತು. ಈ ಸಲ ನಿಮ್ಮ ಪಾಲಿನ ಮರಿಯ ವಿಷಯ ಇದೆಯಲ್ಲ, ಗಟ್ಟಿ ಮಾಡಿಕೊಳ್ಳೋಣ ಅಂತ ಹೋದೆ. ಎರಡು ಸ್ವಲ್ಪ ಸಣ್ಣವಿವೆಯಂತೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಕರೆತನ್ನಿ ಅಂದರು. ಐದರಲ್ಲಿ ಎರಡು ಸಣ್ಣದಿರುವುದು ಯಾವ ಮನೆಯಲ್ಲಿಲ್ಲ ಹೇಳಿ? ನಮ್ಮ ಮನೆಯ ಮಕ್ಕಳಲ್ಲಿ ನಾನೇ ಸಣಕಲಿಯಾಗಿದ್ದೆ. ಈಗ ಬಾಗಿಲಲ್ಲಿ ನಿಂತರೆ ಬೆಳಕು ಬರುವುದಿಲ್ಲ.

ಒಪ್ಪಂದ ನನಗೆ ನೆನಪಿದೆ. ಗಂಡುನಾಯಿಯ ಮನೆಯವರಿಗೆ ಮೊದಲ ಆಯ್ಕೆ. ಮರಿಗಳು ಕಣ್ಣು ಬಿಟ್ಟು ಓಡಾಡಲು ಶುರು ಮಾಡಿದ ಮೇಲೆ ನೀವೇ ಬಂದು, ಯಾವುದು ಮನಸ್ಸಿಗೆ ಬಂತೋ ಅದನ್ನು ಎತ್ತಿಕೊಳ್ಳಿ. ಫೋನ್ ಮಾಡಿ ಹೇಳೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ, ಮೆಸೇಜು ಕುಟ್ಟೋಣವೆಂದರೆ ನನ್ನ ಬೆರಳು ದಪ್ಪ. ಅದಕ್ಕೇ ಈ ಕಾಗದ.

ನಿಮ್ಮ ಮೇಷ್ಟ್ರಿಗೆ ಹೇಳಿ, ಅಪ್ಪನಾಗುತ್ತಿದ್ದೀಯ, ಇನ್ನಾದರೂ ಆ ಗತ್ತು ಬಿಡು ಅಂತ. ನಮ್ಮ ಹುಡುಗಿ ಅಷ್ಟು ದೂರ ರೈಲಿನಲ್ಲಿ ಕೂತು ಬಂದರೆ, ಒಂದು ಸಲವಾದರೂ ಬಾಲ ಆಡಿಸಿದನೇ ನಿಮ್ಮ ಸುಪುತ್ರ?

ನಿಮ್ಮ ಬೀಗಿತ್ತಿ


ಮಾರ್ಚ್ 9

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿದವನೇ ಸೊಸೆಯನ್ನು ಕೂಗಿದೆ. ಎರಡು ಕಾಲಿನ ಸೊಸೆಯನ್ನು. ನನಗೆ ಕೇಳದ್ದರಿಂದ ನನ್ನ ಗಂಟಲು ಎಷ್ಟು ದೊಡ್ಡದಾಯಿತೋ ತಿಳಿಯದು, ಎದುರು ಮನೆಯವರೂ ಓಡಿ ಬಂದರು. ಅವರಿಗೂ ಸುದ್ದಿ ಹೇಳಿ ಕಳಿಸಿದೆ.

ಮೇಷ್ಟ್ರು ಬಾಲ ಆಡಿಸಲಿಲ್ಲವೆಂದು ಬೇಸರ ಬೇಡ. ಅವನು ಯಾರಿಗೂ ಆಡಿಸುವವನಲ್ಲ. ಅವನಿಗೆ ಮನೆಯಲ್ಲಿ ಕೆಲಸವಿದೆ, ಆ ಕೆಲಸದ ಗಾಂಭೀರ್ಯ ಅದು. ನೀವು ಬಂದಿದ್ದಾಗ ಸರಿಯಾಗಿ ಹೇಳಲಾಗಲಿಲ್ಲ. ಮಗ್ಗಗಳ ನಡುವೆ ಮೂವತ್ತೆಂಟು ವರ್ಷ ನಿಂತು ಕಿವಿ ಕಳೆದುಕೊಂಡವನು ನಾನು. ಬಾಗಿಲ ಗಂಟೆ ಹೊಡೆದರೆ, ಹಾಲು ಉಕ್ಕಿದರೆ, ಮೊಮ್ಮಗಳು ಅತ್ತರೆ, ಮೇಷ್ಟ್ರು ಬಂದು ನನ್ನ ಮೊಣಕಾಲಿನ ಮೇಲೆ ಒಂದು ಕಾಲಿಡುತ್ತಾನೆ. ಆಮೇಲೆ ಸದ್ದು ಬಂದ ಕಡೆಗೆ ಮುಂದೆ ಮುಂದೆ ನಡೆಯುತ್ತಾನೆ. ಇದನ್ನು ನಾನು ಕಲಿಸಲಿಲ್ಲ. ಅವನ ತಾಯಿ ಮಾಡುತ್ತಿದ್ದಳು, ಅವಳನ್ನು ನೋಡಿ ಕಲಿತ. ಮನುಷ್ಯರು ಕಲಿಸಿದರೆ ಬರುವುದಿಲ್ಲ, ಇನ್ನೊಂದು ನಾಯಿಗೆ ಕಲಿಸಿದೆ, ಸೋತೆ. ಆದ್ದರಿಂದಲೇ ಮೇಷ್ಟ್ರು ಗಟ್ಟಿಯಾಗಿರುವಾಗಲೇ ಅವನ ಮರಿಯೊಂದು ಈ ಮನೆಯಲ್ಲಿ ಬೆಳೆಯಬೇಕು ಎಂಬ ಆಸೆ. ಅವನಿಗೆ ವಯಸ್ಸಾಗಿದೆ. ಇನ್ನೊಂದು ಮದುವೆ ಮಾಡಲಾರೆ.

ಸೊಸೆ ಬಸ್ ಕಂಡಕ್ಟರು. ಹೆರಿಗೆ ರಜೆ ಈ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಮಗನದು ಊರೂರು ತಿರುಗುವ ಕೆಲಸ. ಹಾಗಾಗಿ ಮೇ ತಿಂಗಳಿನಿಂದ ಹಗಲೆಲ್ಲ ಮಗು ನನ್ನ ಬಳಿ. ಕಿವುಡ ಮುದುಕನ ಕೈಗೆ ಹಸುಗೂಸು ಕೊಟ್ಟು ಹೋಗಲು ಸೊಸೆ ಒಪ್ಪಿದ್ದು ನನ್ನ ಮುಖ ನೋಡಿಯಲ್ಲ, ಮೇಷ್ಟ್ರ ಮುಖ ನೋಡಿ.

ಈಚೆಗೆ ಅವನು ಸ್ವಲ್ಪ ಮಂಕು. ಮೊನ್ನೆ ಗಂಟೆ ಹೊಡೆದರೂ ಏಳಲಿಲ್ಲವಂತೆ. ಸೊಸೆ ನಗುತ್ತಾಳೆ: "ವಿರಹ ಮಾವ, ಹೆಂಡ್ತಿ ನೆನಪು!" ನನಗೂ ಹಾಗೆಯೇ ತೋರುತ್ತದೆ. ಮರಿ ಬಂದರೆ ಸರಿಹೋಗುತ್ತಾನೆ.

ಇತಿ, ನಿಮ್ಮ ಬೀಗ


ಮಾರ್ಚ್ 16

ಬೀಗರಿಗೆ ನಮಸ್ಕಾರ.

ಕಾಗದ ತಡವಾಯಿತು, ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ನಾಟಕದ ಸಭಾಂಗಣವೊಂದಕ್ಕೆ ದೊಡ್ಡ ಪರದೆ ಹೊಲಿಯುವ ಕೆಲಸ ಬಂದಿದೆ. ಕೆಂಪು ವೆಲ್ವೆಟ್ಟು. ಕತ್ತರಿಸುವ ಮೇಜಿನ ಮೇಲೆ ಹಾಸಿದರೆ ಮೇಜೂ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ. ನಮ್ಮ ಯಜಮಾನರು ಹೋಗಿ ವೇದಿಕೆಯ ಅಳತೆ ತಂದರು. ಅಗಲವನ್ನು ಎತ್ತರ ಅಂತಲೂ ಎತ್ತರವನ್ನು ಅಗಲ ಅಂತಲೂ ಬರೆದುಕೊಂಡು ಬಂದಿದ್ದರು! ನಾನು ಹಾಗೆಯೇ ಕತ್ತರಿ ಹಾಕಿದ್ದಿದ್ದರೆ ನಟರೆಲ್ಲ ನೆಲದ ಮೇಲೆ ರಾಶಿ ಬಿದ್ದ ವೆಲ್ವೆಟ್ಟನ್ನು ಹತ್ತಿ ಇಳಿದು ಒಳಗೆ ಹೋಗಬೇಕಾಗಿತ್ತು. ಕೇಳಿದರೆ, "ನೀನಿದ್ದೀಯಲ್ಲ ಸರಿ ಮಾಡೋಕೆ" ಅಂತ ಪೇಪರು ಬಿಡಿಸಿ ಕೂತರು. ಇಂಥವರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ನನಗೂ ಒಂದು ಪರದೆ ಎಳೆದು ಚಪ್ಪಾಳೆ ತಟ್ಟಬೇಕು.

ವೆಲ್ವೆಟ್ಟಿನ ದೂಳು ಮೂಗಿಗೆ ಹೋಗಿ ದಿನವಿಡೀ ಸೀನು. ಮಷೀನಿನ ಬೆಲ್ಟು ಎರಡು ಸಲ ಕಿತ್ತಿತು. ಪರದೆಯ ಅಂಚಿಗೆ ಬಂಗಾರದ ಬಣ್ಣದ ಕುಚ್ಚು ಬೇಕಂತೆ, ಅದನ್ನು ಹುಡುಕಿಕೊಂಡು ಮಾರುಕಟ್ಟೆಯನ್ನೆಲ್ಲ ಅಲೆದೆ.

ನಿಮ್ಮ ಮೊಮ್ಮಗಳು ಹೇಗಿದ್ದಾಳೆ? ಮಗುಚಿ ಬೀಳುತ್ತಾಳೆಯೇ? ಅವಳಿಗೊಂದು ಫ್ರಾಕು ಹೊಲಿಯುತ್ತೇನೆ, ಎದೆಯ ಸುತ್ತಳತೆ ಬರೆದು ಕಳಿಸಿ. ನೀವೇ ಅಳೆಯಿರಿ, ಗಂಡಸರ ಅಳತೆಯಲ್ಲಿ ನನಗಿನ್ನೂ ಸ್ವಲ್ಪ ನಂಬಿಕೆ ಉಳಿದಿದೆ.

ಗುಬ್ಬಿ ಚೆನ್ನಾಗಿದ್ದಾಳೆ. ಹಾಲು, ಮೊಟ್ಟೆ ಕೊಡುತ್ತಿದ್ದೇನೆ. ಟೇಪಿನ ಪ್ರಕಾರ ಸೊಂಟ ಒಂದು ಇಂಚು ಹೆಚ್ಚಿದೆ.

ಮೇಷ್ಟ್ರನ್ನು ಕೇಳಿದೆ ಅಂತ ಹೇಳಿ.

ನಿಮ್ಮ ಬೀಗಿತ್ತಿ


ಮಾರ್ಚ್ 22

ಬೀಗಿತ್ತಿಯವರಿಗೆ ನಮಸ್ಕಾರಗಳು.

ಪರದೆಯ ಕತೆ ಓದಿ ಸೊಸೆಯೂ ನಾನೂ ಬಿದ್ದು ಬಿದ್ದು ನಕ್ಕೆವು. ಮೊಮ್ಮಗಳ ಅಳತೆಯನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಳೆಯುವಾಗ ಅವಳು ಟೇಪನ್ನು ಬಾಯಿಗೆ ಹಾಕಿಕೊಂಡಳು, ಅರ್ಧ ಇಂಚು ಆಚೀಚೆ ಆಗಿದ್ದರೆ ಅದು ಅವಳ ಹೊಟ್ಟೆಯಲ್ಲಿದೆ.

ಒಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡಿ. ಹತ್ತು ದಿನಕ್ಕೆ ಇನ್ನೊಂದು ಸ್ಕ್ಯಾನ್ ಎಂದಿದ್ದಿರಿ. ನಿಮ್ಮ ಕಾಗದದಲ್ಲಿ ಎರಡು ಪುಟ ಪರದೆ, ಮರಿಗಳ ಬಗ್ಗೆ ಒಂದು ಸಾಲು. ನಾಲ್ಕು ಸಲ ಓದಿದೆ. ಮನಸ್ಸಿಗೆ ಹೀಗೆ ಬಂತು: ಆ ಸಣ್ಣವೆರಡು ಉಳಿದಿರಲಾರವು. ಐದು ಮೂರಾಗಿರಬೇಕು, ಅಥವಾ ಎರಡು. ಹಾಗಾದರೆ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಿಮಗೆ ತಳಿ ಮುಂದುವರಿಸಲು ಒಳ್ಳೆಯ ಹೆಣ್ಣುಮರಿ ಬೇಕು. ಇರುವ ಒಂದೆರಡರಲ್ಲಿ ಒಳ್ಳೆಯದನ್ನು ಬೀಗ ಎತ್ತಿಕೊಂಡು ಹೋದರೆ ಗತಿ ಏನು ಎಂದು ಯೋಚಿಸುತ್ತಿದ್ದೀರಿ, ಹೇಳಲು ಸಂಕೋಚ.

ಸಂಕೋಚ ಬೇಡ. ಮೊದಲ ಆಯ್ಕೆ ನೀವೇ ಮಾಡಿಕೊಳ್ಳಿ. ನಾನು ಮಾತು ತಪ್ಪಿದಿರಿ ಎನ್ನುವುದಿಲ್ಲ, ಮನಸ್ಸಿನಲ್ಲೂ ಅಂದುಕೊಳ್ಳುವುದಿಲ್ಲ. ನಿಮಗೆ ಬೇಡವಾದದ್ದು ನನಗಿರಲಿ. ಬಣ್ಣ ಹೇಗಿದ್ದರೂ ಸರಿ, ಕಾಲು ಸೊಟ್ಟಗಿದ್ದರೂ ಸರಿ, ಎರಡು ಕಿವಿ ಇದ್ದರೆ ಆಯಿತು.

ಹಿತ್ತಿಲ ಬಾಗಿಲ ಪಕ್ಕ ಮೇಷ್ಟ್ರ ಹಾಸಿಗೆಗೆ ತಾಗಿಸಿ ಮರಿಗೊಂದು ಪೆಟ್ಟಿಗೆ ಮಾಡಿದ್ದೇನೆ. ಮೇಷ್ಟ್ರು ಅದರೊಳಗೆ ತಲೆ ಹಾಕಿ ನೋಡಿ ಹೋದ.

ಇತಿ, ನಿಮ್ಮ ಬೀಗ


ಮಾರ್ಚ್ 27

ಬೀಗರೇ,

ನೀವು ಬೈದಿದ್ದರೆ ಚೆನ್ನಾಗಿತ್ತು. ಬೈಯುವುದು ಬಿಟ್ಟು ಸೊಟ್ಟಕಾಲಿನದಾದರೂ ಸಾಕು ಅಂದುಬಿಟ್ಟಿರಿ. ಅದನ್ನು ಓದಿ ಮಷೀನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮರಿಗಳಿಲ್ಲ ಬೀಗರೇ. ಮೂರೂ ಇಲ್ಲ, ಎರಡೂ ಇಲ್ಲ, ಒಂದೂ ಇಲ್ಲ.

ಪರದೆಯ ಕಾಗದ ಬರೆಯುವ ಮೊದಲೇ ಎರಡನೆಯ ಸ್ಕ್ಯಾನ್ ಆಗಿತ್ತು. ಡಾಕ್ಟರಮ್ಮ ಆ ಯಂತ್ರವನ್ನು ಹೊಟ್ಟೆಯ ಮೇಲೆ ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು.  ಆಮೇಲೆ, "ಎದೆಬಡಿತ ಒಂದೂ ಸಿಗ್ತಿಲ್ಲಮ್ಮ. ಕರಗಿ ಹೋಗ್ತಿವೆ" ಅಂದರು. ಕರಗುವುದು ಅಂದರೇನು ಅಂತ ಜಗಳಕ್ಕೇ ನಿಂತೆ. ಇಷ್ಟು ಬೇಗ ಸತ್ತರೆ ಹೊರಗೆ ಬೀಳುವುದಿಲ್ಲವಂತೆ, ತಾಯಿಯ ಹೊಟ್ಟೆಯೇ ಒಳಗೊಳಗೆ ಹೀರಿಕೊಂಡುಬಿಡುತ್ತದಂತೆ. ಒಂದು ಹನಿ ರಕ್ತ ಇಲ್ಲ, ನೋವಿಲ್ಲ, ನರಳಾಟವಿಲ್ಲ. ಗುಬ್ಬಿ ಮೇಜಿನಿಂದ ಜಿಗಿದಿಳಿದು ಬಾಲ ಆಡಿಸಿಕೊಂಡು ಬಂದಳು. ಇಂಥ ನಾಯಿಯ ಹೊಟ್ಟೆಯಲ್ಲಿ ಐದು ಸತ್ತಿವೆ ಅಂದರೆ ಯಾರು ನಂಬುತ್ತಾರೆ? ನಾನು ನಂಬಲಿಲ್ಲ. ಆಕೆಯ ಯಂತ್ರ ಕೆಟ್ಟಿದೆ ಅಂದುಕೊಂಡೆ. ಮನೆಗೆ ಬಂದು ಟೇಪು ತೆಗೆದೆ. ಸೊಂಟ ಹೆಚ್ಚಿತ್ತು! ಮಾರನೆಯ ದಿನ ಇನ್ನೂ ಸ್ವಲ್ಪ ಹೆಚ್ಚಿತ್ತು. ಆ ಧೈರ್ಯದ ಮೇಲೆಯೇ ನಿಮಗೆ ಆ ಹುಡುಗಾಟದ ಕಾಗದ ಬರೆದೆ. ಕೊನೆಗೆ ಯಜಮಾನರು ಒಂದು ದಿನ ಮೆಲ್ಲಗೆ, "ಅದು ನೀನು ಕೊಡ್ತಿರೋ ಮೊಟ್ಟೆ ಕಣೇ" ಅಂದರು. ಮೂರನೆಯ ಸಲ ಸ್ಕ್ಯಾನ್ ಮಾಡಿಸಿದೆ. ಈಗ ಕಪ್ಪು ಗುಳ್ಳೆಯೂ ಇಲ್ಲ.

ಇನ್ನೊಂದು ಮಾತಿದೆ. ಮರಿಗಳು ಹೀಗೆ ಹೋಗುವುದಕ್ಕೆ ಹಲವು ಕಾರಣವಂತೆ, ಬಹಳ ಸಲ ಯಾವುದೂ ಗೊತ್ತಾಗುವುದಿಲ್ಲವಂತೆ. ಆದರೆ ಒಂದು ಕೆಟ್ಟ ಸೋಂಕಿದೆ, ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ, ಮನೆಯಲ್ಲಿ ಹಸುಗೂಸಿದ್ದರೆ ಅದಕ್ಕೂ ಒಳ್ಳೆಯದಲ್ಲ. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಗುಬ್ಬಿಯ ರಕ್ತ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಮೇಷ್ಟ್ರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕಂತೆ. ಕೇಳುವುದಕ್ಕೆ ನಾಲಿಗೆ ಬರುವುದಿಲ್ಲ, ಆದರೂ ಕೇಳುತ್ತಿದ್ದೇನೆ.

ನಿಮ್ಮ ಬೀಗಿತ್ತಿ


ಏಪ್ರಿಲ್ 2

ಟೈಲರಮ್ಮನವರಿಗೆ,

ಪತ್ರ ತಲುಪಿತು. ಮರಿಗಳ ವಿಷಯ ತಿಳಿದು ವಿಷಾದವಾಯಿತು.

ಮೇಷ್ಟ್ರು ಈವರೆಗೆ ಆರು ಮನೆಗಳಿಗೆ ಮರಿ ಕೊಟ್ಟಿದ್ದಾನೆ. ಎಲ್ಲವೂ ಗಟ್ಟಿಮುಟ್ಟಾಗಿವೆ. ಅವನ ರಕ್ತ ಸರಿಯಿಲ್ಲವೆಂದು ಈ ತನಕ ಯಾರೂ ಹೇಳಿಲ್ಲ. ನಮ್ಮ ಮನೆಯಲ್ಲಿ ಅವನು ಹಗಲೆಲ್ಲ ಮಗುವಿನ ತೊಟ್ಟಿಲ ಕೆಳಗೆ ಮಲಗಿರುತ್ತಾನೆ. ನಿಮ್ಮ ಪತ್ರ ಓದಿದ ಮೇಲೆ ಸೊಸೆ ಅವನನ್ನು ಅಂಗಳಕ್ಕೆ ಹಾಕಿ ಬಾಗಿಲು ಮುಚ್ಚಿದ್ದಾಳೆ. ಅವನು ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಾನೆ.

ಪರೀಕ್ಷೆ ಮಾಡಿಸಿ ತಿಳಿಸುತ್ತೇನೆ.

ಇತಿ


ಏಪ್ರಿಲ್ 8

ಬೀಗರೇ,

ನೀವು ಟೈಲರಮ್ಮ ಅಂದರೂ ನಾನು ಬೀಗರೇ ಅಂತಲೇ ಕರೆಯುತ್ತೇನೆ. ನೀವು ಸಿಟ್ಟಾದಿರಿ ಅಂತ ಸಂಬಂಧ ಕಿತ್ತುಹೋಗಲು ಇದೇನು ಕಚ್ಚಾ ಹೊಲಿಗೆಯೇ?

ಗುಬ್ಬಿಯ ಉತ್ತರ ಬಂದಿದೆ. ಸೋಂಕಿಲ್ಲ. ನಿಮ್ಮವನಿಗೂ ಇರಲಾರದು, ಮಗುವಿಗೆ ಹೆದರಬೇಡಿ. ನೋಡಿ, ಮಗು ನಿಲ್ಲಲಿಲ್ಲ ಅಂದರೆ ಲೋಕವೆಲ್ಲ ಮೊದಲು ಹೆಣ್ಣಿನ ಕಡೆ ತಿರುಗಿ ನೋಡುತ್ತದೆ. ಅದಕ್ಕೇ ನಾನೂ ಮೊದಲು ನನ್ನ ಹುಡುಗಿಯ ರಕ್ತವನ್ನೇ ಕೊಟ್ಟೆ. ನಿಮ್ಮ ಹುಡುಗನನ್ನು ದೂರಲಿಲ್ಲ. ನಿಮ್ಮ ಮನೆಯಲ್ಲಿ ಹಸುಗೂಸಿದೆಯಲ್ಲ, ಮುಚ್ಚಿಟ್ಟರೆ ನನಗೆ ರಾತ್ರಿ ನಿದ್ದೆ ಬರುತ್ತಿತ್ತೇ? ಮೇಷ್ಟ್ರು ಗಾಜಿಗೆ ಮೂಗೊತ್ತಿ ಕೂತಿದ್ದಾನೆ ಅಂತ ಬರೆದು ನನ್ನ ಹೊಟ್ಟೆ ಉರಿಸಿದಿರಿ. ಆಯಿತು, ಉರಿಯಲಿ.

ಇಲ್ಲಿನ ಕತೆ ಕೇಳಿ. ಮರಿ ಹಾಕಬೇಕಾಗಿದ್ದ ವಾರ ಬಂತು. ಹೊಟ್ಟೆಯಲ್ಲಿ ಏನೂ ಇಲ್ಲ, ಆದರೆ ಗುಬ್ಬಿಗೆ ಅದನ್ನು ಯಾರೂ ಹೇಳಿಲ್ಲ. ಕೆಚ್ಚಲು ಬಿಟ್ಟಿದ್ದಾಳೆ, ಹಾಲು ಜಿನುಗುತ್ತಿದೆ. ಕತ್ತರಿಸುವ ಮೇಜಿನ ಕೆಳಗೆ ಚಿಂದಿಯನ್ನೆಲ್ಲ ಎಳೆದು ಗೂಡು ಮಾಡಿದ್ದಾಳೆ. ಸೋಫಾಕ್ಕೆ ಹೊಲಿದಿಟ್ಟಿದ್ದ ಒಂದು ದುಂಡನೆಯ ದಿಂಬನ್ನು ಕಚ್ಚಿಕೊಂಡು ಬಂದು ಅದಕ್ಕೆ ಹಾಲೂಡಿಸಲು ಮಲಗುತ್ತಾಳೆ. ನೆಕ್ಕಿ ನೆಕ್ಕಿ ದಿಂಬು ಒದ್ದೆ ಮುದ್ದೆ. ಯಜಮಾನರು ಹತ್ತಿರ ಹೋದರೆ ಗುರ್ ಅನ್ನುತ್ತಾಳೆ. ದಿಂಬಿನ ಗಿರಾಕಿ ಬಂದು ಕೇಳಿದರು, ಬೇರೆ ಹೊಲಿದುಕೊಟ್ಟೆ.

ಡಾಕ್ಟರಮ್ಮ, "ಆ ದಿಂಬು ತೆಗೆದುಬಿಡಿ, ಇಲ್ಲದಿದ್ರೆ ಹಾಲು ಬತ್ತೋದಿಲ್ಲ" ಅಂತಾರೆ. ಸರಿಯಾದ ಮಾತೇ. ಆದರೆ ಆ ಕಣ್ಣು ನೋಡುತ್ತಾ ಅದನ್ನು ಕಸಿದುಕೊಳ್ಳಲು ನನ್ನ ಕೈಯಲ್ಲಿ ಆಗುವುದಿಲ್ಲ. ಅವಳ ಮರಿಗಳನ್ನು ಒಂದು ಸಲ ಕಸಿದಾಯಿತಲ್ಲ ಅನ್ನಿಸುತ್ತದೆ.

ಮೊಮ್ಮಗಳ ಫ್ರಾಕು ಇದರ ಜೊತೆಗಿದೆ. ಸಿಟ್ಟು ನನ್ನ ಮೇಲಿರಲಿ, ಫ್ರಾಕನ್ನು ತೊಡಿಸಿ.

ನಿಮ್ಮ ಬೀಗಿತ್ತಿ


ಏಪ್ರಿಲ್ 17

ಬೀಗಿತ್ತಿಯವರಿಗೆ ನಮಸ್ಕಾರಗಳು.

ಆ ಎರಡನೆಯ ತಾರೀಕಿನ ಕಾಗದವನ್ನು ಒಲೆಗೆ ಹಾಕಿಬಿಡಿ. ಬರೆದವನು ಒಬ್ಬ ಮುಂಗೋಪಿ. ಫ್ರಾಕು ಸೊಗಸಾಗಿದೆ, ಮೊಮ್ಮಗಳು ಅದರ ಕಾಲರನ್ನು ಚೀಪುತ್ತಾಳೆ.

ಮೇಷ್ಟ್ರಿಗೆ ಸೋಂಕಿಲ್ಲ. ಆದರೆ ಬೇರೆ ಒಂದು ಸಂಗತಿ ತಿಳಿಯಿತು. ರಕ್ತ ತೆಗೆಯುವಾಗ ಡಾಕ್ಟರ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ಬಿತ್ತಂತೆ. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರಂತೆ. ಇಬ್ಬರು ಮಾತ್ರ ತಿರುಗಿ ನೋಡಲಿಲ್ಲ, ಮೇಷ್ಟ್ರು ಮತ್ತು ನಾನು. ಸೊಸೆ ಆಮೇಲೆ ಬರೆದು ತೋರಿಸಿದಳು. ಡಾಕ್ಟರು ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು, ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಎರಡೂ ಕಿವಿ ಹೋಗಿವೆ, ವಯಸ್ಸಿನದು, ಔಷಧವಿಲ್ಲ. ವಿರಹವೆಂದು ನಾವು ನಗುತ್ತಿದ್ದದ್ದು ಇದಕ್ಕೆ.

 ಮನೆಗೆ ಬಂದ ಮೇಲೆ ಸೊಸೆ ಮಗುವನ್ನು ಎತ್ತಿಕೊಂಡು ನನ್ನೆದುರು ಕೂತು, ತುಟಿ ಓದಲು ಬರುವಂತೆ ನಿಧಾನವಾಗಿ, "ಮಾವ, ನಾನು ಕೆಲಸ ಬಿಡ್ತೀನಿ" ಎಂದಳು. ಆ ಕೆಲಸಕ್ಕೆ ಅವಳು ಎಷ್ಟು ವರ್ಷ ಓಡಾಡಿದ್ದಾಳೆಂದು ನನಗೆ ಗೊತ್ತು. ಬೇಡ, ನಾನು ತೊಟ್ಟಿಲ ಪಕ್ಕದಿಂದ ಏಳುವುದೇ ಇಲ್ಲ, ಕಣ್ಣು ಮಿಟುಕಿಸದೆ ಕೂರುತ್ತೇನೆ ಎಂದೆ. "ಒಲೆ ಮೇಲೆ ಹಾಲಿಟ್ಟಾಗ? ನೀವು ತೂಕಡಿಸಿದಾಗ?" ಎಂದಳು.  ಮೊನ್ನೆ ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದಾಗ ಮಗು ಅತ್ತು ಅತ್ತು ಮುಖ ನೀಲಿಯಾಗಿತ್ತಂತೆ. ಹೊರಗಿನಿಂದ ಬಂದ ಸೊಸೆ ನೋಡಿದಳು.  

ಮರಿ ಹುಟ್ಟಿದ್ದರೂ ಅದಕ್ಕೆ ಕಲಿಸಲು ಈಗ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಹಾಗಾಗಿ ನಿಮ್ಮಿಂದ ನನಗೇನೂ ನಷ್ಟವಾಗಿಲ್ಲ ಎಂದು ತಿಳಿಯಿರಿ. ಗುಬ್ಬಿಯ ಕತೆ ಓದಿ ಕಣ್ಣು ಮಂಜಾಯಿತು. ದಿಂಬನ್ನು ಕಸಿಯಬೇಡಿ.

ಇತಿ, ನಿಮ್ಮ ಬೀಗ


ಏಪ್ರಿಲ್ 21

ಬೀಗರೇ,

ಚಿಕ್ಕ ಕಾಗದ, ಪುರಸತ್ತಿಲ್ಲ. ಶುಕ್ರವಾರದ ರೈಲಿಗೆ ನಮ್ಮ ಯಜಮಾನರು ಗುಬ್ಬಿಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತಾರೆ. ದಿಂಬೂ ಬರುತ್ತದೆ. ಬೇಡ ಗೀಡ ಅಂತ ಕಾಗದ ಬರೆಯಲು ಹೋಗಬೇಡಿ, ಅದು ತಲುಪುವ ಹೊತ್ತಿಗೆ ಇವರು ನಿಮ್ಮ ಬಾಗಿಲಲ್ಲಿರುತ್ತಾರೆ.

ಅವಳಿಗೆ ಮೇಷ್ಟ್ರ ವಿದ್ಯೆ ಬರುವುದಿಲ್ಲ, ಒಪ್ಪಿದೆ. ಆದರೆ ಕಿವಿ ಎಂಥದು ಗೊತ್ತೇ? ಈ ದಿನಗಳಲ್ಲಂತೂ ನಮ್ಮ ಬೀದಿಯಲ್ಲಿ ಯಾವ ಮಗು ಅತ್ತರೂ ದಿಂಬು ಬಿಟ್ಟು ಎದ್ದು ಬಾಗಿಲು ಕೆರೆಯುತ್ತಾಳೆ. ಮೂರು ಮನೆ ಆಚೆಯ ಕೂಸು ಅತ್ತರೆ ಇಲ್ಲಿ ನಮ್ಮ ಬಾಗಿಲಿನ ಬಣ್ಣ ಹೋಗುತ್ತದೆ. ಒಂದು ತಿಂಗಳು ಇಟ್ಟುಕೊಂಡು ನೋಡಿ. ಆದರೆ ಆಯಿತು, ಇಲ್ಲದಿದ್ದರೆ ಗಂಡನ ಮನೆ ನೋಡಿಕೊಂಡು ಬಂದಳು ಅಂದುಕೊಳ್ಳೋಣ. ಎರಡು ಕಾಲಿನ ಸೊಸೆಗೆ ಹೇಳಿ, ಅಲ್ಲಿಯವರೆಗೆ ಕೆಲಸ ಬಿಡುವ ಮಾತು ಎತ್ತಕೂಡದು.

ನಮ್ಮ ಯಜಮಾನರಿಗೆ ಟೀ ಕೊಟ್ಟು ಬೇಗ ಕಳಿಸಿ. ಅವರು ಅಲ್ಲೇ ಕೂತು ಅಳತೆ ತಪ್ಪು ಬರೆಯುವ ಕಲೆಯನ್ನು ನಿಮಗೂ ಕಲಿಸಿಬಿಡುತ್ತಾರೆ.

ನಿಮ್ಮ ಬೀಗಿತ್ತಿ


ಮೇ 6

ಬೀಗಿತ್ತಿಯವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ, ಏನಾಗುತ್ತದೆಂದು ನೋಡಿ ಬರೆಯೋಣವೆಂದು.

ಬಂದ ದಿನವೇ ಗುಬ್ಬಿ ದಿಂಬು ಸಮೇತ ತೊಟ್ಟಿಲ ಕೆಳಗೆ ಮಲಗಿದಳು. ಮೇಷ್ಟ್ರನ್ನು ಹತ್ತಿರ ಸೇರಿಸಲಿಲ್ಲ. ಅವನು ಬಾಗಿಲ ಬಳಿ ಕೂತು ಅವಳನ್ನೇ ನೋಡುತ್ತಿದ್ದ. ಸೊಸೆ ಒಂದು ಪರೀಕ್ಷೆ ಇಟ್ಟಳು. ನಾನು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂರಬೇಕು, ಅವಳು ಅಡುಗೆಮನೆಯಲ್ಲಿ ಅಡಗಿ ನೋಡಬೇಕು. ಮಗು ಅತ್ತಿತು. ಗುಬ್ಬಿ ದಡಬಡಿಸಿ ಎದ್ದು ತೊಟ್ಟಿಲ ಮೇಲೆ ಮುಂಗಾಲಿಟ್ಟು ಮಗುವಿನ ಅಂಗಾಲು ನೆಕ್ಕತೊಡಗಿದಳಂತೆ. ನನ್ನ ಕಡೆ ಬರಲೇ ಇಲ್ಲ. ಅವಳಿಗೆ ನಾನು ಯಾರು? ನಾನು ಪೇಪರು ಓದುತ್ತಲೇ ಇದ್ದೆ. ಎರಡನೆಯ ದಿನವೂ ಹಾಗೆಯೇ. "ಆಗಲ್ಲ ಮಾವ" ಎಂದಳು ಸೊಸೆ. ಮೇಷ್ಟ್ರಿಗೂ ನನಗೂ ಒಟ್ಟಿಗೇ ನಿವೃತ್ತಿ ಆಯಿತೆಂದು ನಾನೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಮೂರನೆಯ ದಿನ ಪೇಪರು ಓದುತ್ತಿದ್ದೇನೆ, ಮೊಣಕಾಲಿನ ಮೇಲೆ ಒಂದು ಕಾಲು ಬಿತ್ತು. ನೋಡಿದರೆ ಮೇಷ್ಟ್ರು!  ಇವನಿಗೆ ಕೇಳಿಸಿತೇ? ಅವನು ಹಳೆಯ ಗತ್ತಿನಲ್ಲಿ ಮುಂದೆ ಮುಂದೆ ನಡೆದು ತೊಟ್ಟಿಲ ಬಳಿ ನಿಂತ. ಮಗು ಅಳುತ್ತಿತ್ತು. ಗುಬ್ಬಿ ತೊಟ್ಟಿಲ ಮೇಲೆ ಕಾಲಿಟ್ಟು ನಿಂತಿದ್ದಳು. ಅಡುಗೆಮನೆಯಿಂದ ಸೊಸೆ ಓಡಿ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಕೈಸನ್ನೆಯಲ್ಲೇ ಹೇಳಿದಳು. ಅವನಿಗೆ ಕೇಳಿಸಿಲ್ಲ. ಅವನು ಗುಬ್ಬಿಯನ್ನು ನೋಡುತ್ತಾ ಕೂತಿದ್ದಾನೆ. ಅವಳು ಎದ್ದು ಓಡಿದರೆ ಸದ್ದಾಯಿತೆಂದು ತಿಳಿದು ನನ್ನ ಬಳಿ ಬರುತ್ತಾನೆ!

ಆಮೇಲೆ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ, ಒಮ್ಮೆಯೂ ತಪ್ಪಲಿಲ್ಲ. ಕೇಳುವುದು ಅವಳು, ಹೇಳುವುದು ಇವನು. ಒಂದನೆಯ ತಾರೀಕು ಸೊಸೆ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಮೊದಲ ದಿನ ಮೂರು ಸಲ ಎದುರು ಮನೆಗೆ ಫೋನ್ ಮಾಡಿ ವಿಚಾರಿಸಿದಳಂತೆ, ಈಗ ಒಂದು ಸಲ. ಗುಬ್ಬಿಗೆ ಹಾಲು ಬತ್ತಿದೆ. ದಿಂಬನ್ನು ಮೇಷ್ಟ್ರು ತಲೆಗೆ ಹಾಕಿಕೊಂಡು ಮಲಗುತ್ತಾನೆ, ಅವಳು ತಕರಾರು ಮಾಡುವುದಿಲ್ಲ.

ಒಂದು ತಿಂಗಳ ಮಾತು ನನಗೆ ನೆನಪಿದೆ. ಕಟ್ಟಿಕೊಂಡ ಸಂಬಂಧದ ಸಲಿಗೆಯಲ್ಲಿ ನಿಮ್ಮ ಮನೆಯ ಹುಡುಗಿಯನ್ನು ಇಟ್ಟುಕೊಂಡುಬಿಡುವವನಲ್ಲ ನಾನು. ಅವಳು ನಿಮಗೇನೆಂದು ಬಲ್ಲೆ. ಇಪ್ಪತ್ತನೆಯ ತಾರೀಕಿನ ಹೊತ್ತಿಗೆ ಮಗ ರಜೆಯ ಮೇಲೆ ಬರುತ್ತಾನೆ. ಗುಬ್ಬಿಯನ್ನು ಯಾವ ದಿನ ಕರೆತರಲಿ, ತಿಳಿಸಿ.

ಇತಿ, ನಿಮ್ಮ ಬೀಗ


ಮೇ 11

ಬೀಗರೇ,

ನಿಮ್ಮ ಕಾಗದವನ್ನು ಯಜಮಾನರು ಗಟ್ಟಿಯಾಗಿ ಓದಿದರು. ಮೇಷ್ಟ್ರು ಮೊಣಕಾಲಿನ ಮೇಲೆ ಕಾಲಿಟ್ಟ ಜಾಗ ಬಂದಾಗ ಅವರು ಕನ್ನಡಕ ತೆಗೆದಿಟ್ಟರು, ಉಳಿದದ್ದನ್ನು ನಾನೇ ಓದಿಕೊಂಡೆ. ಆಮೇಲೆ ಇಬ್ಬರೂ ಪರದೆಗೆ ಕುಚ್ಚು ಹಚ್ಚುತ್ತಾ ಕೂತೆವು.  ಕೊನೆಗೆ ಅವರು, "ನೀನೇ ಬರೆದುಬಿಡು. ನಾನು ಬರೆದರೆ ತಪ್ಪಾಗುತ್ತೆ" ಅಂದರು.

ಕರೆತರಬೇಡಿ.

ಸುಳ್ಳು ಹೇಳುವುದಿಲ್ಲ, ಮನೆ ಬಣಗುಡುತ್ತಿದೆ. ಕತ್ತರಿ ಕೈಗೆ ತೆಗೆದುಕೊಂಡರೆ ಕಾಲ ಬಳಿ ಯಾರೋ ಸರಿದಂತಾಗಿ, ತುಳಿದೇನೋ ಅಂತ ಹುಷಾರಾಗಿ ಕಾಲಿಡುತ್ತೇನೆ. ಬೇಜಾರಾದರೆ ಬಂದು ನೋಡಿಕೊಂಡು ಹೋಗುತ್ತೇನೆ, ತಿಂಗಳಿಗೊಮ್ಮೆ ಬಂದರೂ ನೀವು ಸಹಿಸಿಕೊಳ್ಳಬೇಕು. ಆದರೆ ಅವಳನ್ನು ಮತ್ತೆ ಈ ಮೇಜಿನ ಕೆಳಗೆ ತಂದು ಮಲಗಿಸಲು ನನಗೆ ಮನಸ್ಸಿಲ್ಲ.

ಐದು ಇದ್ದವು ಬೀಗರೇ. ನಾನು ಕಣ್ಣಾರೆ ನೋಡಿದ್ದೆ. ಒಂದನ್ನೂ ಕೈಯಲ್ಲಿ ಎತ್ತಿಕೊಳ್ಳಲಿಲ್ಲ, ಒಂದನ್ನೂ ಮಣ್ಣು ಮಾಡಲಿಲ್ಲ, ಅತ್ತರೆ ಯಾವುದಕ್ಕೆ ಅಳುತ್ತಿದ್ದೀಯ ಅಂತ ಜನ ಕೇಳುತ್ತಾರೆ. ನನಗಾದರೂ ಡಾಕ್ಟರಮ್ಮ ಹೇಳಿದರು. ಗುಬ್ಬಿಗೆ ಹೇಳುವವರು ಯಾರು? ಅವಳು ಇಲ್ಲಿ ಹಾಲು ತುಂಬಿಕೊಂಡು, ಕಿವಿ ನಿಮಿರಿಸಿಕೊಂಡು ಹಗಲೂ ರಾತ್ರಿ ಕಾದಳು. ಈ ಮನೆಯಲ್ಲಿ ಯಾವುದೂ ಅಳಲಿಲ್ಲ.

ಅಲ್ಲಿ ಒಂದು ಅಳುತ್ತದೆ. ಅವಳು ಎದ್ದು ಓಡುತ್ತಾಳೆ. ಓಡಲಿ ಬಿಡಿ.

ನಿಮ್ಮ ಬೀಗಿತ್ತಿ